ತುಕ್ಕಿನೊಳಗಿನ ಹಿತ್ತಾಳೆ ಹಲ್ಲು

ಸೊರಬ ಬಸ್ ನಿಲ್ದಾಣ

ಊರೂರು ತಿರುಗಿ ಬಂದು ಬರೆಯುವ ಜನರ ಪೈಕಿ ನಾನಲ್ಲ. ಶಿಕಾರಿಪುರದಲ್ಲಿ ನನ್ನದು ಟಿಂಕರಿಂಗ್ ಅಂಗಡಿ. ಲಾರಿ, ಟೆಂಪೊ, ಕಾರು, ಯಾವುದಕ್ಕೆ ಪೆಟ್ಟು ಬಿದ್ದು ನೆಗ್ಗಿದರೂ ತಟ್ಟಿ ನೆಟ್ಟಗೆ ಮಾಡಿಕೊಡುವುದು ಕಸುಬು. ಶಿರಸಿಗೆ ಹೋಗುವ ಬಸ್ಸಿನಲ್ಲೇ ನನಗೆ ಹೊಟ್ಟೆ ತೊಳಸುತ್ತದೆ. ಅಂಥವನು ಕುವೈತ್ ಗಲಾಟೆ ಮುಗಿದ ಎರಡು ಮೂರು ವರ್ಷಕ್ಕೆ ಒಮಾನ್ ದೇಶಕ್ಕೆ ಹೋಗಿ, ಐದು ತಿಂಗಳು ಒಂದೇ ಒಂದು ತುಕ್ಕು ಕಾರಿನ ಬಾಡಿ ಕಟ್ಟಿ ಬಂದೆ. ಬಂದ ಮೇಲೆ ಎದುರು ಸಿಕ್ಕವರೆಲ್ಲ ಚಿನ್ನ ಎಷ್ಟು ತಂದ್ರಿ ಅಂತಲೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋವು ಬಂತು. ಅದಕ್ಕೇ ಒಂದು ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನಾನು ಹೋದದ್ದು ಚಿನ್ನಕ್ಕಲ್ಲ. ನಮ್ಮಣ್ಣ ರುದ್ರಪ್ಪ ಹದಿನಾಲ್ಕು ವರ್ಷದ ಹಿಂದೆ ಅದೇ ದೇಶದ ಸೂರ್ ಎಂಬ ಕಡಲೂರಿಗೆ ಇದೇ ಕೆಲಸಕ್ಕೆ ಹೋಗಿದ್ದ. ಎರಡು ವರ್ಷ ಕಾಗದ ಬಂತು. ಆಮೇಲೆ ಹನ್ನೆರಡು ವರ್ಷ ಏನೂ ಇಲ್ಲ. ನಾವು ಬರೆದದ್ದಕ್ಕೆ ಉತ್ತರವಿಲ್ಲ, ಬರೆದದ್ದು ವಾಪಸ್ಸೂ ಬರಲಿಲ್ಲ. ಅತ್ತಿಗೆ ಗಿರಿಜಮ್ಮ ಕುಪ್ಪಗಡ್ಡೆಯಲ್ಲಿ ಹಿಟ್ಟಿನ ಗಿರಣಿ ನಡೆಸಿಕೊಂಡು ಇದ್ದರು. ಊರಿನವರಿಗೆ ಅವರದೊಂದು ಪೇಚು. ಮದುವೆಯಲ್ಲಿ ಆರತಿ ತಟ್ಟೆ ಹಿಡಿಸುವುದೋ, ಹಿಂದೆ ಕೂರಿಸುವುದೋ ಯಾರಿಗೂ ತಿಳಿಯದು. ಆ ಪೇಚು ನೋಡಲಾರದೆ ಅವರೇ ಯಾವ ಕಾರ್ಯಕ್ಕೂ ಹೋಗುವುದನ್ನು ಬಿಟ್ಟರು.

ಹೀಗಿರುವಾಗ ಬೊಂಬಾಯಿಯ ಏಜೆಂಟನ ಕಡೆಯವನೊಬ್ಬ ಅಂಗಡಿ ಹುಡುಕಿಕೊಂಡು ಬಂದ. ಸೂರಿನಲ್ಲಿ ಒಬ್ಬ ಮುದುಕ ಅರಬ ಇದ್ದಾನಂತೆ, ಅವನ ಹಳೇ ಅಮೆರಿಕನ್ ಕಾರು ತುಕ್ಕು ತಿಂದು ಹೋಗಿದೆಯಂತೆ, ಅದನ್ನು ಕಟ್ಟಲು ಶಿಕಾರಿಪುರದ ಟಿಂಕರೇ ಬೇಕಂತೆ, ಬೇರೆ ಊರಿನವನು ನಡೆಯುವುದಿಲ್ಲವಂತೆ. ಕೇಳುತ್ತಾ ನನ್ನ ಕೈಯಲ್ಲಿದ್ದ ಸುತ್ತಿಗೆ ತಾನಾಗಿ ಕೆಳಗಿಳಿಯಿತು. ಸೂರಿನವರಿಗೆ ಶಿಕಾರಿಪುರದ ಹೆಸರು ಹೇಳಿದವನು ಒಬ್ಬನೇ ಇರಬೇಕು.

ಹೊರಡುವ ದಿನ ಅತ್ತಿಗೆ ಸೊರಬದ ಬಸ್ ನಿಲ್ದಾಣದವರೆಗೆ ಬಂದಿದ್ದರು.

"ಮಹೇಶ, ಇದಾರೋ ಇಲ್ವೋ, ಒಂದು ಮಾತು ತಗಂಬಾ. ಅಷ್ಟೇ ಸಾಕು ನಂಗೆ," ಅಂದರು. "ಅಲ್ಲಿ ಬೇರೆ ಸಂಸಾರ ಮಾಡ್ಕಂಡಿದ್ರೂ ಹೇಳು. ಮುಚ್ಚಿಡಬ್ಯಾಡ."

"ಆಯ್ತು ಅತ್ತಿಗೆ, ಏನಿದ್ರೂ ಹೇಳ್ತೀನಿ," ಅಂದೆ.

ಮಸ್ಕತ್ತಿನಿಂದ ಸೂರಿಗೆ

ಮಸ್ಕತ್ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಬಿಚ್ಚಿಸಿದರು. ಎರಡು ಅಂಗಿ, ಒಂದು ಪಂಚೆ, ಚಟ್ನಿಪುಡಿ, ಏಳು ಸುತ್ತಿಗೆ. ಅಧಿಕಾರಿ ಒಂದೊಂದೇ ಸುತ್ತಿಗೆ ಎತ್ತಿ ನೋಡಿ, ಏಳು ಯಾಕೆ ಅಂತ ಸನ್ನೆ ಮಾಡಿದ. ನಾನು ಅವನ ಮೇಜಿನ ತಗಡಿನ ಅಂಚಿನಲ್ಲಿ ಒಂದು ನೆಗ್ಗು ಕಂಡು, ಚಿಕ್ಕ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು ಸರಿ ಮಾಡಿ ತೋರಿಸಿದೆ. ಅವನು ನಗಲಿಲ್ಲ, ಆದರೆ ಚೀಟಿ ಹಾಕಿ ಕಳಿಸಿದ. ಚಟ್ನಿಪುಡಿ ಮಾತ್ರ ಅಲ್ಲೇ ಉಳಿಯಿತು. ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕರೆದುಕೊಂಡು ಹೋಗಲು ಬಂದವನು ಭಟ್ಕಳದ ಹಮೀದ್, ಮುದುಕನ ಲೆಕ್ಕಪತ್ರ ನೋಡುವವನು. ಕನ್ನಡ ಕೇಳಿ ಜೀವ ಬಂದ ಹಾಗಾಯಿತು. ಗಾಡಿ ಹತ್ತಿದ ಐದು ನಿಮಿಷಕ್ಕೇ ಕೇಳಿದೆ.

"ರುದ್ರಪ್ಪ ಅಂತ ಒಬ್ರು ಇದ್ರಲ್ರೀ ಸೂರಲ್ಲಿ, ಟಿಂಕರು. ಗೊತ್ತಾ ನಿಮಗೆ?"

"ನಾನು ಬಂದು ನಾಲ್ಕೇ ವರ್ಷ ಮಾರಾಯ್ರೆ. ಹಳೇದೆಲ್ಲ ನನಗೆ ಗೊತ್ತಿಲ್ಲ," ಅಂದು ರಸ್ತೆ ನೋಡತೊಡಗಿದ. ಅಲ್ಲಿಂದ ಸೂರಿನವರೆಗೆ ಅವನು ಮಳೆ, ಮೀನು, ಭಟ್ಕಳದ ಮಲ್ಲಿಗೆ ಎಲ್ಲ ಮಾತಾಡಿದ. ಹಳೇದು ಮಾತ್ರ ಎತ್ತಲಿಲ್ಲ.

ದಾರಿಯುದ್ದಕ್ಕೂ ಕಲ್ಲುಬೆಟ್ಟ. ಹುಲ್ಲಿಲ್ಲ, ಮುಳ್ಳಿಲ್ಲ. ನಮ್ಮ ಕಡೆ ಎಷ್ಟು ಬರಗೆಟ್ಟ ಗುಡ್ಡದಲ್ಲೂ ಒಂದು ಲಂಟಾನ ಇರುತ್ತದೆ. ಇಲ್ಲಿ ಬೆಟ್ಟಕ್ಕೆ ಸ್ನಾನ ಮಾಡಿಸಿ ಬಟ್ಟೆ ಹಾಕಲು ಮರೆತಿದ್ದರು.

ಯಜಮಾನ ಸಾಲಿಂ ಎಂಬತ್ತರ ಹತ್ತಿರದ ಮುದುಕ. ಕೆಲಸದವರೆಲ್ಲ ಅವನನ್ನು ಅರ್ಬಾಬ್ ಅನ್ನುತ್ತಾರೆ, ಧಣಿ ಅಂದ ಹಾಗೆ. ಹಡಗಿನಲ್ಲಿ ಬೊಂಬಾಯಿ, ಮಂಗಳೂರು ತಿರುಗಿದವನಾದ್ದರಿಂದ ಹಿಂದಿ ಬರುತ್ತಿತ್ತು. ನನಗೆ ಶಿಕಾರಿಪುರದ ಸಂತೆ ಉರ್ದು. ಎರಡೂ ಸೇರಿಸಿ ಮಾತು ನಡೆಯಿತು. ಕೂರಿಸಿ ಖರ್ಜೂರ ಕೊಟ್ಟು, ಗುಬ್ಬಿ ಕುಡಿಯುವಷ್ಟು ದೊಡ್ಡ ಬಟ್ಟಲಿನಲ್ಲಿ ಕಾಫಿ ಕೊಟ್ಟ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಕಷಾಯ. ಮರ್ಯಾದೆಗೆ ಕುಡಿದೆ. ಮತ್ತೆ ಹಾಕಿದ. ಮತ್ತೆ ಕುಡಿದೆ. ಒಂಬತ್ತು ಬಟ್ಟಲಾದ ಮೇಲೆ ಹಮೀದ್ ಕಿವಿಯಲ್ಲಿ, ಸಾಕು ಅನ್ನಬೇಕಾದರೆ ಬಟ್ಟಲು ಅಲ್ಲಾಡಿಸಬೇಕು ಅಂತ ಹೇಳಿದ. ಮೊದಲೇ ಹೇಳಬಾರದಿತ್ತೇ.

ಆ ಗಲಾಟೆಯಲ್ಲೂ ಒಂದು ವಿಷಯ ಗಮನಿಸಿದೆ. ನಾವು ಮೂವರು. ತಟ್ಟೆಯಲ್ಲಿ ಕಾಫಿ ತುಂಬಿದ ಬಟ್ಟಲು ನಾಲ್ಕು. ನಾಲ್ಕನೆಯದು ಯಾರದೆಂದು ಯಾರೂ ಹೇಳಲಿಲ್ಲ. ಅದು ಹಾಗೇ ಆರಿತು.

ಮೊದಲ ಮಧ್ಯಾಹ್ನ

ಶೆಡ್ಡು ಊರಾಚೆ, ಸಮುದ್ರದ ಪಕ್ಕ. ಖರ್ಜೂರದ ಗರಿಯ ಗೋಡೆ, ತಗಡಿನ ಮಾಡು. ಕಾರಿನ ಮೇಲೆ ದೋಣಿಯ ಹಳೇ ಹಾಯಿಬಟ್ಟೆ ಹೊದಿಸಿದ್ದರು. ಹಮೀದ್ ಒಂದು ತುದಿ, ನಾನು ಒಂದು ತುದಿ ಹಿಡಿದು ಎಳೆದೆವು. ಬಟ್ಟೆಯ ಜೊತೆ ಬಾನೆಟ್ಟಿನ ಅರ್ಧ ಪುಡಿಯಾಗಿ ಕೆಳಗೆ ಬಿತ್ತು.

ಎರಡೇ ಬಾಗಿಲಿನ, ಎಡಗಡೆ ಸ್ಟಿಯರಿಂಗಿನ, ಉದ್ದ ಮೂಗಿನ ಗಾಡಿ. ಎಂಟು ಸಿಲಿಂಡರಿನ ಎಂಜಿನ್ನು ಹೊತ್ತು ಹಾರುತ್ತಿದ್ದ ಕಾಲದಲ್ಲಿ ನೋಡುವ ಹಾಗಿದ್ದಿರಬೇಕು. ಈಗ ಬಣ್ಣ ಯಾವುದಿತ್ತು ಅಂತಲೂ ತಿಳಿಯುವುದಿಲ್ಲ. ನೆಲದ ತಗಡು ಜಾಲರಿಯಾಗಿತ್ತು. ಮಡ್‌ಗಾರ್ಡಿಗೆ ಬೆರಳು ಇಟ್ಟರೆ ಬೆರಳು ಒಳಗೆ ಹೋಗುತ್ತಿತ್ತು. ಲಾರಿಗೆ ಇರುವಂಥ ಬೇರೆ ಚಾಸಿ, ಅಡಿಯ ಕಬ್ಬಿಣದ ಚೌಕಟ್ಟು, ಈ ಜಾತಿಯ ಗಾಡಿಗೆ ಇಲ್ಲ, ಬಾಡಿಯೇ ಬೆನ್ನೆಲುಬು. ಆ ಬೆನ್ನೆಲುಬು ಬಲಗಡೆ ಬಾಗಿಲ ಕೆಳಗೆ ಮಡಚಿಕೊಂಡಿತ್ತು. ಇದು ಬರೀ ತುಕ್ಕಿನ ಗಾಡಿಯಲ್ಲ, ಬಿದ್ದ ಗಾಡಿ.

"ಯಾರ್ ಹೋದ್ರು ಇದ್ರಲ್ಲಿ?" ಅಂದೆ. ಟಿಂಕರ್ ಆದವನು ಬಿದ್ದ ಗಾಡಿ ಕಂಡ ಕೂಡಲೇ ಕೇಳುವ ಮಾತು ಅದು.

"ಹಳೇ ಗಾಡಿ, ಎಲ್ಲೋ ಉರುಳಿತ್ತಂತೆ," ಅಂದ ಹಮೀದ್. "ನಿಮಗಿಂತ ಮುಂಚೆ ಇಬ್ಬರು ಬಂದಿದ್ರು. ಇಬ್ಬರೂ ಶಿಕಾರ್‌ಪುರದವರೇ. ಒಬ್ಬ ಪಾಕಿಸ್ತಾನದ ಶಿಕಾರ್‌ಪುರ, ಇನ್ನೊಬ್ಬ ಉತ್ತರಪ್ರದೇಶದ್ದು. ಅರ್ಬಾಬ್ ಅವರ ಹತ್ತಿರ ಒಂದು ಗಂಟೆ ಮಾತಾಡಿ ವಾಪಸ್ ಕಳಿಸಿದ್ರು." ಅಷ್ಟು ಹೇಳಿ ಅವನು ಊಟಕ್ಕೆ ಹೋದ.

ನಮ್ಮಲ್ಲಿ ನಡುರಾತ್ರಿಗೆ ಇರುವ ಭಯ ಅಲ್ಲಿ ನಡುಹಗಲಿಗೆ ಇದೆ. ಹನ್ನೆರಡೂವರೆಗೆ ಅಂಗಡಿಗಳ ಬಾಗಿಲು ಬೀಳುತ್ತದೆ. ಜನ ಒಳಗೆ ಮಲಗುತ್ತಾರೆ. ನಾಯಿಯೂ ಇಲ್ಲ, ಕಾಗೆಯೂ ಇಲ್ಲ, ಬೀದಿ ತುಂಬ ಬರೀ ಬಿಳೀ ಬಿಸಿಲು. ನನಗೆ ಹಗಲು ನಿದ್ದೆ ಅಭ್ಯಾಸವಿಲ್ಲ. ಒಬ್ಬನೇ ಶೆಡ್ಡಿನಲ್ಲಿ ಕೂತಿದ್ದೆ. ಆಗ ಕಾರಿನೊಳಗಿಂದ ಶಬ್ದ ಬಂತು. ಟಕ್ ಟಕ್, ಟಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್ ಟಕ್, ಟಣ್.

ಬಿಸಿಲಿಗೆ ತಗಡು ಹಿಗ್ಗುತ್ತದೆ, ಹಿಗ್ಗಿದಾಗ ಸದ್ದು ಮಾಡುತ್ತದೆ. ಇದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎರಡು ಸಣ್ಣದು, ಒಂದು ದೊಡ್ಡದು ತಟ್ಟುವುದು ನಮ್ಮಣ್ಣನ ರೂಢಿ. ಚಿಕ್ಕಂದಿನಿಂದ ಕೇಳಿದ ಕಿವಿ ನನ್ನದು. ಎದ್ದು ಹತ್ತಿರ ಹೋಗುವಷ್ಟರಲ್ಲಿ ಬಲಗಡೆಯ ಬಾಗಿಲು ಕಿರ್ ಅಂತ ತಾನಾಗಿ ತೆರೆದುಕೊಂಡು, ಯಾರೋ ಇಳಿಯುವಷ್ಟು ಅಗಲವಾಗಿ ನಿಂತಿತು. ಬಾಡಿ ಜೋತು ಬಿದ್ದಿದೆ, ಕಾವಿಗೆ ಚಿಲಕ ಬಿಟ್ಟಿದೆ ಅಂತ ಗಟ್ಟಿಯಾಗಿ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೂ ಬಾಗಿಲು ಮುಚ್ಚಿ, ಹಗ್ಗ ಕಟ್ಟಿ, ಹೊರಗೆ ಬಿಸಿಲಲ್ಲಿ ಹೋಗಿ ಕೂತೆ.

ಎರಡನೆಯ ವಾರ

ಬಲಗಡೆ ಹೆಚ್ಚು ಹಾಳಾಗಿದ್ದರೂ ನಾನು ಎಡಗಡೆಯಿಂದ ಕೆಲಸ ಶುರು ಮಾಡಿದೆ. ಹಮೀದನಿಗೆ ಏನೋ ಒಂದು ಕಾರಣ ಹೇಳಿದೆ. ನಿಜವಾದ ಕಾರಣ ಹೆದರಿಕೆ. ಅಣ್ಣನ ವಿಷಯ ಅರ್ಬಾಬನನ್ನೇ ಕೇಳದೆ ದಿನ ದೂಡುತ್ತಿದ್ದುದಕ್ಕೂ ಅದೇ ಕಾರಣ.

ತುಕ್ಕಿನ ಬಾಡಿ ಕಟ್ಟುವುದೆಂದರೆ ಕಟ್ಟುವುದು ಕಮ್ಮಿ, ಕೀಳುವುದು ಜಾಸ್ತಿ. ಮೊದಲು ಬೆರಳ ಗೆಣ್ಣಿನಿಂದ ಇಂಚಿಂಚೂ ಬಡಿದು ಕೇಳಬೇಕು. ಗಟ್ಟಿ ತಗಡು ಉಲಿಯುತ್ತದೆ, ಸತ್ತ ತಗಡು ರಟ್ಟಿನ ಹಾಗೆ ದಪ್ ಅನ್ನುತ್ತದೆ. ಸತ್ತದ್ದನ್ನು ಕತ್ತರಿಸಿ, ಬದುಕಿದ ಅಂಚಿಗೆ ಹೊಸ ತಗಡು ಬೆಸೆಯಬೇಕು. ಅರ್ಬಾಬ್ ಹೊಸ ವೆಲ್ಡಿಂಗ್ ಯಂತ್ರ ತರಿಸಿ ಇಟ್ಟಿದ್ದ. ನಾನು ಅದನ್ನು ಮುಟ್ಟಲಿಲ್ಲ. ಎಡಗಡೆ ಬಾಗಿಲ ಕೆಳಗೆ, ನಾವು ರನ್ನಿಂಗ್ ಬೋರ್ಡು ಅನ್ನುವ ಉದ್ದನೆಯ ಟೊಳ್ಳು ಪಟ್ಟಿಗೆ ನಮ್ಮ ಮನೆ ಬೆಸುಗೆಯನ್ನೇ ಹಾಕಿದೆ.

ಮನೆ ಬೆಸುಗೆ ಅಂದರೆ ಏನೆಂದು ಹೇಳಬೇಕು. ನಮ್ಮಜ್ಜ ಸೊರಬದಲ್ಲಿ ಅಡಿಕೆ ಬೇಯಿಸುವ ತಾಮ್ರದ ಹಂಡೆ ಬೆಸೆಯುತ್ತಿದ್ದ. ಎರಡು ತಗಡಿನ ಅಂಚನ್ನೂ ಹಲ್ಲು ಹಲ್ಲಾಗಿ ಕತ್ತರಿಸಿ, ಒಂದರ ಹಲ್ಲನ್ನು ಇನ್ನೊಂದರ ಸಂದಿಗೆ ಕಚ್ಚಿಸಿ, ಮೇಲೆ ಹಿತ್ತಾಳೆ ಕರಗಿಸಿ ಹರಿಸುವುದು. ಉಜ್ಜಿದ ಮೇಲೆ ಬೆಸುಗೆ ಎಲ್ಲಿದೆ ಅಂತ ಕಣ್ಣಿಗಿರಲಿ, ಬೆರಳಿಗೂ ಸಿಗುವುದಿಲ್ಲ. ಅಪ್ಪ ಅದನ್ನೇ ಕಾರಿನ ಕಬ್ಬಿಣಕ್ಕೆ ತಂದ. ಶಿಕಾರಿಪುರದಲ್ಲಿ ಅಪ್ಪ ಹಾಕಿದ ಹಲ್ಲು ಇಪ್ಪತ್ತು ವರ್ಷವಾದರೂ ಬಿಟ್ಟದ್ದಿಲ್ಲ. ಪರದೇಶಕ್ಕೆ ಬಂದು ನಮ್ಮ ಕೈ ತೋರಿಸದಿದ್ದರೆ ಹೇಗೆ ಅನ್ನುವ ಜಂಬ ನನಗೆ. ಅರ್ಬಾಬ್ ದಿನಾ ಬಂದು ಆ ಹಲ್ಲು ನೋಡುತ್ತಿದ್ದ. ಒಂದು ದಿನ ಅದರ ಮೇಲೆ ಬೆರಳಾಡಿಸಿ, ಕಣ್ಣು ಒರೆಸಿಕೊಂಡು ಎದ್ದು ಹೋದ. ನನ್ನ ಕೆಲಸಕ್ಕೆ ಯಾರೂ ಅತ್ತದ್ದು ನೋಡಿರಲಿಲ್ಲ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ.

ಮಧ್ಯಾಹ್ನದ ಸದ್ದು ದಿನಾ ಇತ್ತು. ಹಗ್ಗ ಕಟ್ಟಿದ್ದರಿಂದ ಬಾಗಿಲು ತೆರೆಯುತ್ತಿರಲಿಲ್ಲ, ಆದರೆ ಹಗ್ಗ ಬಿಗಿಯಾಗುವುದು ಕಾಣುತ್ತಿತ್ತು. ಅದರ ಮೇಲೆ ಇನ್ನೊಂದು ಸೇರಿಕೊಂಡಿತು. ಊರೆಲ್ಲ ಮಲಗಿದ ಹೊತ್ತಿಗೆ ಎದುರಿನ ಮುರುಕು ಗೋಡೆಯ ಬಳಿ ಒಬ್ಬ ಮನುಷ್ಯ ಬಂದು ನಿಲ್ಲುತ್ತಿದ್ದ. ಬಿಳೀ ನಿಲುವಂಗಿ, ತಲೆಗೆ ಮುಖ ಮುಚ್ಚುವ ಹಾಗೆ ಸುತ್ತಿದ ಬಟ್ಟೆ, ಕೈಯಲ್ಲಿ ಕೋಲು. ಶೆಡ್ಡನ್ನೇ ನೋಡುತ್ತಿದ್ದ. ನಾನು ಎದ್ದರೆ ಸಾಕು, ಗೋಡೆಯ ಹಿಂದೆ ಸರಿದುಬಿಡುತ್ತಿದ್ದ. ಹೋಗಿ ನೋಡಿದರೆ ಮರಳಿನಲ್ಲಿ ಒಂದು ಪಾದದ ಗುರುತು, ಪಕ್ಕದಲ್ಲಿ ಎಳೆದುಕೊಂಡು ಹೋದ ಗೀರು.

ಅಣ್ಣನೇ ಇರಬಹುದೇ ಅನ್ನಿಸಿತು. ಕಾಲು ಕಳೆದುಕೊಂಡು, ನಾಚಿಕೆಗೆ ಕಾಗದ ಬರೆಯದೆ, ಇಲ್ಲೇ ಇದ್ದಾನೇನೋ. ಒಂದು ಮಧ್ಯಾಹ್ನ ಧೈರ್ಯ ಮಾಡಿ, "ಅಣ್ಣಾ, ನಾನು ಮಹೇಶ," ಅಂತ ಕೂಗಿದೆ. ಆ ಮನುಷ್ಯ ಕಿವಿ ಮುಚ್ಚಿಕೊಂಡ. ಆಮೇಲೆ ಕುಂಟುತ್ತಾ ಓಡಿದ.

ಸೊರಬದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಅತ್ತಿಗೆಯನ್ನು ಕರೆಸಬಹುದಿತ್ತು. ಏನು ಹೇಳಲಿ? ಸದ್ದು ಕೇಳುತ್ತದೆ, ಮನುಷ್ಯ ಓಡುತ್ತಾನೆ ಅಂತಲೇ? ಮಾಡಲಿಲ್ಲ.

ಬಲಗಡೆ

ಎಷ್ಟು ದಿನ ಅಂತ ತಪ್ಪಿಸಿಕೊಳ್ಳಲಿ. ಮೂರನೆಯ ವಾರದ ಒಂದು ಬೆಳಿಗ್ಗೆ ಬಲಗಡೆಗೆ ಹೋಗಿ ಮಂಡಿಯೂರಿದೆ. ರನ್ನಿಂಗ್ ಬೋರ್ಡಿನ ಮೇಲೆ ಟಾರು, ಉಪ್ಪು, ತುಕ್ಕು ಸೇರಿ ಅಂಗೈ ದಪ್ಪದ ಹಕ್ಕಳೆ ಕಟ್ಟಿತ್ತು. ಉಳಿ ಇಟ್ಟು ಒಂದು ಪೆಟ್ಟು ಕೊಟ್ಟೆ. ಹಕ್ಕಳೆ ಉದ್ದಕ್ಕೆ ಬಿಟ್ಟುಕೊಂಡಿತು.

ಒಳಗೆ ಹಲ್ಲಿತ್ತು. ಸುತ್ತಲಿನ ಕಬ್ಬಿಣ ಕರಗಿ ಹೋಗಿ, ಬರೀ ಹಿತ್ತಾಳೆಯ ಹಲ್ಲಿನ ಸಾಲು ಹಳದಿಯಾಗಿ ಹೊಳೆಯುತ್ತಿತ್ತು. ಒಂದೊಂದು ಹಲ್ಲೂ ಎಡಕ್ಕೆ ವಾಲಿತ್ತು. ನಮ್ಮಣ್ಣ ಎಡಚ. ಅವನು ಕತ್ತರಿಸಿದ ಹಲ್ಲು ಎಡಕ್ಕೆ ವಾಲುತ್ತದೆ ಅಂತ ಅಪ್ಪ ಅವನಿಗೆ ದಿನಾ ಬೈಯುತ್ತಿದ್ದ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆ ಪಟ್ಟಿ ಕತ್ತರಿಸದೆ ಗಾಡಿ ನೆಟ್ಟಗಾಗುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಒಬ್ಬ ಹಾಕಿದ ಹಲ್ಲನ್ನು ಇನ್ನೊಬ್ಬ ಸುಮ್ಮನೆ ಬಿಚ್ಚುವ ಹಾಗಿಲ್ಲ. ಹಾಕಿದವನು ಬದುಕಿದ್ದರೆ ಅವನ ಮುಂದೆ ಹೋಗಿ ಕೇಳಬೇಕು. ಸತ್ತಿದ್ದರೆ ಅವನಿಗೆ ಮಣ್ಣು ಕೊಟ್ಟ ಜಾಗದಲ್ಲಿ ಸುತ್ತಿಗೆಯನ್ನು ನೆಲಕ್ಕೆ ಮುಟ್ಟಿಸಿ ಕೇಳಬೇಕು. ಒಂದು ಹಂಡೆಯ ಸಲುವಾಗಿ ಅಪ್ಪ ನನ್ನನ್ನು ಉಳವಿಯವರೆಗೆ ಬಸ್ಸಿನಲ್ಲಿ ಕಳಿಸಿದ್ದ. ಹಾಸಿಗೆ ಹಿಡಿದಿದ್ದ ಒಬ್ಬ ಮುದುಕ ಬೆಸುಗೆಗಾರ ಹೂಂ ಅನ್ನಲು ಅರ್ಧ ದಿನ ಕಾಯಿಸಿದ. ಆಗ ಈ ಪದ್ಧತಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ಈಗ ಅದೇ ಪದ್ಧತಿ ನನ್ನ ಕುತ್ತಿಗೆ ಹಿಡಿದು ನಿಲ್ಲಿಸಿತು. ಅಣ್ಣನನ್ನು ಎಲ್ಲಿ ಕೇಳಲಿ? ಎದುರಿಗೋ, ಮಣ್ಣಿನ ಮೇಲೋ?

ಸುತ್ತಿಗೆ ಹಿಡಿದುಕೊಂಡೇ ಅರ್ಬಾಬನ ಮನೆಗೆ ಹೋದೆ. ಹಮೀದನೂ ಅಲ್ಲೇ ಇದ್ದ.

"ಬಲಗಡೆ ಹಲ್ಲು ಹಾಕಿದವನು ನನ್ನ ಅಣ್ಣ," ಅಂದೆ. "ಅವನು ಇದ್ದರೆ ಕರೆಸಿ, ಕೇಳಬೇಕು. ಇಲ್ಲದಿದ್ದರೆ ಎಲ್ಲಿದ್ದಾನೆ ತೋರಿಸಿ, ಅಲ್ಲಿ ಕೇಳಬೇಕು. ಎರಡರಲ್ಲಿ ಒಂದು ಹೇಳದೆ ನಾನು ಸುತ್ತಿಗೆ ಎತ್ತುವುದಿಲ್ಲ."

ಮುದುಕ ಕಾಫಿಯ ಪಾತ್ರೆ ಕೆಳಗಿಟ್ಟ.

"ಎಡಗಡೆ ನೀನು ಹಲ್ಲು ಕಚ್ಚಿಸಿದ ದಿನವೇ ನೀನು ಅವನ ಕಡೆಯವನು ಅಂತ ಗೊತ್ತಾಯಿತು," ಅಂದ. "ಹೇಳಲು ಬಾಯಿ ಬರಲಿಲ್ಲ. ನಡೆ, ತೋರಿಸುತ್ತೇನೆ."

ತೋರಿಸುತ್ತೇನೆ ಅಂದ. ಕರೆಸುತ್ತೇನೆ ಅನ್ನಲಿಲ್ಲ.

ದಿಬ್ಬ

ಊರಿನ ಗೋರಿಗಳ ಗೋಡೆಯಿಂದ ಹತ್ತು ಹೆಜ್ಜೆ ಆಚೆ, ಸಮುದ್ರ ಕಾಣುವ ದಿಬ್ಬದ ಮೇಲೆ ಎರಡು ಕಲ್ಲು ನೆಟ್ಟಿದ್ದರು. ಮುದುಕ ಅಲ್ಲೇ ಕೂತು ಹೇಳಿದ. ಹಮೀದ್ ತಲೆ ತಗ್ಗಿಸಿ ನಿಂತಿದ್ದ. ಯಾರಿಗೂ ಹೇಳಬೇಡ ಅಂತ ಅವನಿಗೆ ಮುದುಕನೇ ಆಣೆ ಹಾಕಿಸಿದ್ದನಂತೆ.

ಆ ಕಾರು ಮುದುಕನ ಮಗ ರಶೀದನದು. ಕಡಲ ಗಾಳಿಗೆ ಹಿಡಿದಿದ್ದ ತುಕ್ಕನ್ನು ಅಣ್ಣ ಬಂದ ಹೊಸದರಲ್ಲೇ ರಿಪೇರಿ ಮಾಡಿಕೊಟ್ಟಿದ್ದ. ಅಲ್ಲಿಂದ ಇಬ್ಬರಿಗೂ ಭಾರೀ ಸ್ನೇಹ. ಎರಡು ವರ್ಷದ ನಂತರ ಒಂದು ಶುಕ್ರವಾರ ಇಬ್ಬರೂ ಸುತ್ತಾಡಲು ಹೋಗಿದ್ದಾಗ, ಬೆಟ್ಟದ ತಿರುವಿನಲ್ಲಿ ಗಾಡಿ ಉರುಳಿತು. ರಶೀದನ ಕಾಲು ಹೋಯಿತು. ಅಣ್ಣ ಅಲ್ಲೇ ತೀರಿಕೊಂಡ.

"ಮನೆಗೆ ಯಾಕೆ ತಿಳಿಸಲಿಲ್ಲ?" ಅಂತ ಕೇಳಿದೆ.

"ತಂತಿ ಕೊಟ್ಟೆ. ನೀವು ಸತ್ತ ಅಂದವನು ಇಲ್ಲೇ ನಮ್ಮ ಮನೆಯಲ್ಲಿ ಊಟ ಮಾಡುತ್ತಿದ್ದಾನೆ ಅಂತ ಉತ್ತರ ಬಂತು," ಅಂದ ಮುದುಕ.

ಅಣ್ಣನನ್ನು ಏಜೆಂಟ್ ಬೇರೆ ಯಾರದೋ ಪಾಸ್‌ಪೋರ್ಟಿನಲ್ಲಿ ಕಳಿಸಿದ್ದ. ಆ ಕಾಲದಲ್ಲಿ ಅದು ನಡೆಯುತ್ತಿತ್ತು. ಸಾವಿನ ತಂತಿ ಆ ಹೆಸರಿನವನ ಮನೆಗೆ ಹೋಗಿದೆ. ಅಣ್ಣ ಮೊದಲು ಕೆಲಸಕ್ಕಿದ್ದ ಗ್ಯಾರೇಜು ಅಷ್ಟರಲ್ಲಿ ಮುಚ್ಚಿತ್ತು, ನಮ್ಮ ಕಾಗದಗಳೆಲ್ಲ ಅದರ ಅಂಚೆಪೆಟ್ಟಿಗೆಯಲ್ಲೇ ಕೊಳೆತವು. ಮುದುಕನ ಹತ್ತಿರ ಉಳಿದದ್ದು ಅಣ್ಣನ ಬಾಯಲ್ಲಿ ಕೇಳಿದ ಒಂದು ಊರಿನ ಹೆಸರು. ಆ ಊರಿನ ಟಿಂಕರನ್ನೇ ಕಳಿಸಿ ಅಂತ ಏಜೆಂಟರಿಗೆ ಹೇಳುತ್ತಲೇ ಇದ್ದ. ಬಂದವರು ಬೇರೆ ಬೇರೆ ಶಿಕಾರ್‌ಪುರದವರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಆಳವಾದ ಗುಂಡಿಯಲ್ಲಿ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಕೊಡುತ್ತೇವೆ. ಕೇಳಬಾರದು ಅಂದುಕೊಂಡರೂ ಕೇಳಿದೆ.

"ಮಲಗಿಸಿದಿರಾ?"

"ಇಲ್ಲ," ಅಂದ ಮುದುಕ. "ಒಂದು ದಿನ ಕಾಫಿ ಕುಡಿಯುತ್ತಾ ಹೇಳಿದ್ದ, ನಮ್ಮವರು ಸತ್ತ ಮೇಲೂ ಕೂತೇ ಇರುತ್ತಾರೆ ಅಂತ. ಕೂರಿಸಿದೆ. ಊರಿನವರು ಹಾಗಲ್ಲ ಅಂದರು. ಅವನ ಪದ್ಧತಿ ಅವನಿಗೆ ಅಂದೆ. ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು ಅವನ ಕೈಯಲ್ಲೇ ಇಟ್ಟೆ. ಕಾಫಿ ಮಾತ್ರ ಇವತ್ತಿಗೂ ಒಂದು ಬಟ್ಟಲು ಹಾಕಿ ಇಡುತ್ತೇನೆ."

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಮುದುಕನ ಕೈ ಹಿಡಿದುಕೊಂಡು ಅತ್ತೆ. ಆಮೇಲೆ ಸುತ್ತಿಗೆಯನ್ನು ಆ ಮರಳಿಗೆ ಮುಟ್ಟಿಸಿ, "ಅಣ್ಣಾ, ಬಿಚ್ಲಾ?" ಅಂದೆ. ಗಾಳಿ ಬೀಸುತ್ತಿತ್ತು.

ಮತ್ತೆ ಶೆಡ್ಡಿನಲ್ಲಿ

ಮಾರನೆಯ ದಿನ ಬಲಗಡೆಯ ಪಟ್ಟಿಯನ್ನು ಕತ್ತರಿಸಿ ಬೆಳಕಿಗೆ ಹಿಡಿದೆ. ಬೆರಳಿನಿಂದ ಒಮ್ಮೆ, ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿದೆ. ನೋಡಬಾರದಿತ್ತು ಅನ್ನಿಸಿತು.

ಹಿತ್ತಾಳೆ ಸ್ವಲ್ಪವೂ ಸವೆದಿರಲಿಲ್ಲ. ಅದಕ್ಕೆ ತಾಗಿದ್ದ ಕಬ್ಬಿಣ ಮಾತ್ರ ಗೆರೆ ಎಳೆದ ಹಾಗೆ ತಿಂದು ಹೋಗಿತ್ತು. ಉಪ್ಪು ನೀರಿನಲ್ಲಿ ಹಿತ್ತಾಳೆ ಪಕ್ಕದಲ್ಲಿ ಕಬ್ಬಿಣ ಇದ್ದರೆ, ಹಿತ್ತಾಳೆಯನ್ನು ಉಳಿಸಲು ಕಬ್ಬಿಣ ಸಾಯುತ್ತದೆ. ಅಲ್ಲಿನ ದೋಣಿ ಕಟ್ಟುವವರಿಗೆಲ್ಲ ಇದು ಗೊತ್ತು. ಸಮುದ್ರದಿಂದ ಅಷ್ಟು ದೂರ ಇರುವ ಶಿಕಾರಿಪುರದವರಿಗೆ ಯಾರು ಹೇಳಬೇಕು? ಹರಿದ ಅಂಚು ಹಲ್ಲಿನ ಬುಡದುದ್ದಕ್ಕೂ ಹೋಗಿತ್ತು. ಪೆಟ್ಟಿಗೆ ಹರಿದ ತಗಡಾದರೆ ಅಂಚು ಹಿಗ್ಗಿ ತೆಳ್ಳಗಾಗುತ್ತದೆ. ಇದು ಹಿಗ್ಗಿರಲಿಲ್ಲ, ಬಿಸ್ಕತ್ತಿನ ಹಾಗೆ ಮುರಿದಿತ್ತು, ಟಾರಿನ ಹಕ್ಕಳೆ ಆ ಮುರಿತವನ್ನು ಅಂದಿನ ಹಾಗೇ ಉಳಿಸಿತ್ತು. ಅಂದರೆ ಗಾಡಿ ಉರುಳಿ ಬೆಸುಗೆ ಬಿಟ್ಟದ್ದಲ್ಲ. ತಿರುವಿನಲ್ಲಿ ಬೆಸುಗೆ ಬಿಟ್ಟು, ಬೆನ್ನು ಮುರಿದು, ಗಾಡಿ ಉರುಳಿತು. ಅಣ್ಣನನ್ನು ಕೊಂದದ್ದು ಅಣ್ಣನ ಹಲ್ಲು. ನಮ್ಮ ಮನೆಯ ಹಲ್ಲು.

ತಲೆ ಎತ್ತಿದರೆ ಶೆಡ್ಡಿನ ಬಾಗಿಲಲ್ಲಿ ಆ ಕೋಲಿನ ಮನುಷ್ಯ ನಿಂತಿದ್ದ. ನಡುಮಧ್ಯಾಹ್ನ. ಮುಖದ ಬಟ್ಟೆ ತೆಗೆದಿದ್ದ. ನನ್ನ ವಯಸ್ಸಿನವನೇ, ಗಡ್ಡ ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ರಶೀದ್.

"ನಾನು ಜೋರಾಗಿ ಓಡಿಸಿದೆ," ಅಂದ, ಅಪ್ಪನಿಂದ ಕಲಿತ ಮುರುಕು ಹಿಂದಿಯಲ್ಲಿ. "ನಿಧಾನ ಅಂದ ಅವನು. ನಾನು ಕೇಳಲಿಲ್ಲ. ನೀನು ಅಣ್ಣಾ ಅಂತ ಕೂಗಿದ ದಿನ, ಅವನ ದನಿಯೇ ಕೇಳಿದ ಹಾಗಾಯಿತು."

ಈಗ ನಿಜ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದಿಂದ ಯಾರನ್ನಾದರೂ ಹಿಡಿದು ಬಡಿಯಬೇಕು ಅಂತ ನನ್ನೊಳಗೆ ಒಂದು ಸಿಟ್ಟು ಕೂತಿತ್ತು. ಈಗ ಒಬ್ಬ ತಾನಾಗಿ ಬಂದು ತಲೆ ಬಗ್ಗಿಸಿ ನಿಂತಿದ್ದ. ನಾನು ಸುಮ್ಮನಿದ್ದರೆ ಸಾಕಿತ್ತು. ಅಣ್ಣನ ಹೆಸರು ಉಳಿಯುತ್ತಿತ್ತು, ಅಜ್ಜನದೂ ಅಪ್ಪನದೂ ಉಳಿಯುತ್ತಿತ್ತು. ಆ ತುಂಡು ನನ್ನೊಬ್ಬನ ಕೈಯಲ್ಲಿತ್ತು. ಬೇರೆ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ.

ಹಿಂದಿನಿಂದ ತಗಡು ಟಕ್ ಟಕ್ ಅಂದಿತು. ಹೆದರಿಕೆಗೆ ಹೇಳಿದೆನೋ ನ್ಯಾಯಕ್ಕೆ ಹೇಳಿದೆನೋ ನನಗೆ ಇಂದಿಗೂ ತಿಳಿಯದು. ರಶೀದನನ್ನು ಕೂರಿಸಿ ಆ ತುಂಡನ್ನು ಅವನ ತೊಡೆಯ ಮೇಲಿಟ್ಟು, ಹಲ್ಲಿನ ಬುಡದಲ್ಲಿ ಅವನ ಬೆರಳನ್ನೇ ಓಡಿಸಿ ತೋರಿಸಿದೆ. ನೀನು ನಿಧಾನ ಹೋಗಿದ್ದರೂ ಅದು ಇವತ್ತಲ್ಲ ನಾಳೆ ಬಿಡುತ್ತಿತ್ತು ಅಂದೆ. ತಪ್ಪು ನಮ್ಮ ಬೆಸುಗೆಯದು, ನಿನ್ನದಲ್ಲ ಅಂದೆ. ಅವನು ಮೊದಲು ನಂಬಲಿಲ್ಲ. ಮೂರು ಸಲ ಹೇಳಿಸಿಕೊಂಡ. ಆಮೇಲೆ ಆ ತುಂಡನ್ನು ಎದೆಗೆ ಅವಚಿಕೊಂಡು ಅಳತೊಡಗಿದ.

ಅವನು ಹೋದ ಮೇಲೆ ಎಡಗಡೆಗೆ ಹೋಗಿ, ನಾನು ಜಂಬದಿಂದ ಹಾಕಿದ್ದ ಹಲ್ಲನ್ನೆಲ್ಲ ಕತ್ತರಿಸಿ ಬಿಸಾಡಿದೆ. ಅದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಮುಂದಿನ ನಾಲ್ಕು ತಿಂಗಳು ಹೊಸ ಯಂತ್ರದಿಂದ, ಕಬ್ಬಿಣಕ್ಕೆ ಕಬ್ಬಿಣವನ್ನೇ ಬೆಸೆದು ಗಾಡಿ ಕಟ್ಟಿದೆ. ಎಂಜಿನ್ನನ್ನು ಮಸ್ಕತ್ತಿನ ಮೆಕ್ಯಾನಿಕ್ಕು ಬಂದು ಎಬ್ಬಿಸಿದ. ಬಾಡಿ ನೆಟ್ಟಗಾದ ಮೇಲೆ ಬಾಗಿಲು ತಾನಾಗಿ ತೆರೆಯುವುದು ನಿಂತಿತು. ಸದ್ದು ಮಾತ್ರ ಪೂರ್ತಿ ನಿಲ್ಲಲಿಲ್ಲ.

ಹೊರಡುವ ದಿನ ರಶೀದ್ ಆ ಗಾಡಿಯಲ್ಲೇ ನನ್ನನ್ನು ಮಸ್ಕತ್ತಿಗೆ ಬಿಟ್ಟ. ಕ್ಲಚ್ಚಿಲ್ಲದ ಗಾಡಿ, ಓಡಿಸಲು ಒಂದು ಕಾಲು ಸಾಕು. ನಾನು ಬಲಗಡೆ, ಅಣ್ಣ ಕೂತಿದ್ದ ಜಾಗದಲ್ಲಿ ಕೂತೆ. ಆ ತಿರುವು ಬಂದಾಗ ರಶೀದ್ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದ. ನಿಧಾನ ಅಂದೆ. ನಿಧಾನ ಮಾಡಿದ.

ಕುಪ್ಪಗಡ್ಡೆ

ಸೊರಬದಲ್ಲಿ ಇಳಿದು, ಮನೆಗೂ ಹೋಗದೆ ಕುಪ್ಪಗಡ್ಡೆ ಬಸ್ಸು ಹತ್ತಿದೆ. ಗಿರಣಿ ಓಡುತ್ತಿತ್ತು. ಅತ್ತಿಗೆ ನನ್ನ ಮುಖ ನೋಡಿದವರೇ ಮೋಟಾರು ಆರಿಸಿದರು. ಅಕ್ಕಿ ಬೀಸಿಸಲು ಬಂದಿದ್ದ ಇಬ್ಬರು ಹೆಂಗಸರಿಗೆ ನಾಳೆ ಬನ್ರೇ ಅಂದರು. ಮೈಯೆಲ್ಲ ಹಿಟ್ಟು.

"ಇಲ್ಲ ಅಲ್ವಾ?" ಅಂದರು.

"ಇಲ್ಲ ಅತ್ತಿಗೆ. ಕಾಗದ ನಿಂತ ವರ್ಷವೇ."

"ಕೂರಿಸಿದ್ರಂತಾ?"

"ಕೂರಿಸಿದ್ರಂತೆ. ಕೈಯಾಗೆ ಲಿಂಗ ಇಟ್ಟು. ನಾನೇ ಹೋಗಿ ನೋಡಿ ಬಂದೆ."

ಗೋಣಿಚೀಲದ ಮೇಲೆ ಕೂತರು. ನಾನು ಮುಚ್ಚಿಡದೆ ಎಲ್ಲ ಹೇಳಿದೆ. ಪಾಸ್‌ಪೋರ್ಟು, ತಂತಿ, ತಿರುವು, ಹಿತ್ತಾಳೆ ಹಲ್ಲು. ಅಳುತ್ತಾರೆ ಅಂತ ಕಾದೆ.

"ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಎದ್ದು ಬೈತಿದ್ದೆ ಕಣೋ ನಿಮ್ಮಣ್ಣಂಗೆ," ಅಂದರು ಕೊನೆಗೆ. "ಯಾವಳ ಜೊತೆ ಇದೀಯ, ನಿನ್ ಮನೆ ಹಾಳಾಗ ಅಂತ. ಬೈದು ಬೈದು, ಆಮೇಲೆ ಗಿರಣಿ ಶುರು ಮಾಡ್ತಿದ್ದೆ. ನಾನು ಬೈಯೋ ಅಷ್ಟು ದಿನ ನಂಗೆ ಅವ್ರು ಬದುಕೇ ಇದ್ರು."

ಕೈಗೆ ಅಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡರು.

"ನಾಳೆ ಎದ್ದು ಯಾರಿಗೆ ಬೈಲಿ ಮಹೇಶ?"